ಎಂಟು ತಿಂಗಳಿಂದ ನಿಂತಲ್ಲೇ ನಿಂತಿದ್ದೇನೆ: ಮುಂದುವರಿಯಲೇ, ದಾರಿ ಬದಲಿಸಲೇ, ಬಿಡಲೇ?

ಕೇಳುಗಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಎರಡೂವರೆ ವರ್ಷಗಳಿಂದ ಜರ್ಮನ್ ಕಲಿಯುತ್ತಿದ್ದೇನೆ. ಕೆಲಸಕ್ಕಾಗಿ ಅಲ್ಲ, ಪರೀಕ್ಷೆಗಾಗಿಯೂ ಅಲ್ಲ, ಆ ಭಾಷೆಯ ಮೇಲಿನ ಆಸೆಯಿಂದ. ಮೊದಲ ವರ್ಷ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಪ್ರತಿ ವಾರ ಹೊಸದೇನೋ ಬಾಯಿಗೆ ಬರುತ್ತಿತ್ತು, ಹಿಂದಿನ ವಾರ ಕಲ್ಲಾಗಿದ್ದ ಪುಟ ಈ ವಾರ ಕರಗುತ್ತಿತ್ತು.

ಈಗ ಎಂಟು ತಿಂಗಳಿಂದ ಬರ ಬಿದ್ದಿದೆ. ದಿನವೂ ಬೆಳಿಗ್ಗೆ ಆರು ನಿಮಿಷದ ರೇಡಿಯೊ ವಾರ್ತೆ ಕೇಳುತ್ತೇನೆ. ಮೊದಲ ಹತ್ತು ವಾಕ್ಯಗಳಲ್ಲಿ ಎಷ್ಟು ಅರ್ಥವಾದವು ಎಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತೇನೆ. ಎಂಟು ತಿಂಗಳ ಹಿಂದೆ 4. ಕಳೆದ ವಾರವೂ 4. ನಡುವೆ ಒಂದು ದಿನ 5 ಬಂದರೆ ಮರುದಿನ 3ಕ್ಕೆ ಇಳಿದಿರುತ್ತದೆ. ಅದೇ ವಾರ್ತೆಯನ್ನು ಅಚ್ಚಿನಲ್ಲಿ ಕೊಟ್ಟರೆ ಬಹುಪಾಲು ಓದಿ ತಿಳಿದುಕೊಳ್ಳುತ್ತೇನೆ. ಪದಗಳು ಗೊತ್ತಿವೆ, ಕಿವಿಗೆ ಬಿದ್ದಾಗ ಮಾತ್ರ ಕೈಗೆ ಸಿಗದೆ ಜಾರುತ್ತವೆ.

ಈ ಎಂಟು ತಿಂಗಳಲ್ಲಿ ತಪ್ಪಿಸಿದ್ದು ಒಂಬತ್ತೇ ದಿನ, ಅದೂ ಜ್ವರ ಬಂದಾಗ. ‘ಬಿಡದೆ ಮಾಡು, ಫಲ ತಾನಾಗಿ ಬರುತ್ತದೆ’ ಎಂದು ಹೇಳುವವರು ಬಹಳ ಮಂದಿ. ನಾನು ಬಿಟ್ಟಿಲ್ಲ, ಫಲವೂ ಬಂದಿಲ್ಲ. ಇಂಥ ಬರವನ್ನು ದಾಟಿ ಬಂದವರನ್ನು ಕೇಳಬೇಕೆನಿಸಿದೆ. ಒಳಗೊಳಗೇ ಏನೋ ಬೆಳೆಯುತ್ತಿದೆಯೋ ಅಥವಾ ಬರಿದೇ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದೇನೋ ಎಂಬುದು ನಿಮಗೆ ಹೇಗೆ ಗೊತ್ತಾಯಿತು?


ರಾತ್ರಿಪಾಳಿ

ಕೇಳುಗಿಯವರೇ, ನಿಮ್ಮ ಬರಹ ಓದಿದೊಡನೆ ನನಗೆ ನೆನಪಾದದ್ದು ತಂತಿ ಸಂದೇಶ (ಟೆಲಿಗ್ರಾಫ್) ಕಳಿಸಲು ಕಲಿಯುತ್ತಿದ್ದವರ ಕಲಿಕೆಯ ಗೆರೆಗಳು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ವಿಲಿಯಂ ಲೋ ಬ್ರಯನ್ ಮತ್ತು ನೋಬಲ್ ಹಾರ್ಟರ್ ಎಂಬಿಬ್ಬರು ಮೋರ್ಸ್ (ಗಿಡ್ಡ, ಉದ್ದ ಸದ್ದುಗಳಲ್ಲಿ ಅಕ್ಷರ ಕಳಿಸುವ ತಂತಿ ಸಂಕೇತ) ಕಲಿಯುವವರನ್ನು ವಾರವಾರವೂ ಪರೀಕ್ಷಿಸಿದರು. ನಿಮಿಷಕ್ಕೆ ಎಷ್ಟು ಕಳಿಸುತ್ತಾರೆ, ಎಷ್ಟನ್ನು ಕೇಳಿ ಬರೆದುಕೊಳ್ಳುತ್ತಾರೆ ಎಂದು ಎರಡು ಗೆರೆ ಎಳೆದರು. ಆ ಅಧ್ಯಯನ 1897ರಲ್ಲಿ ಪ್ರಕಟವಾಯಿತು.

ಕಳಿಸುವ ಗೆರೆ ಒಂದೇ ಸಮನೆ ಏರಿ ಮೆಲ್ಲಗೆ ಬಾಗುತ್ತದೆ. ಕೇಳುವ ಗೆರೆಯ ಪಾಡು ಬೇರೆ. ಸ್ವಲ್ಪ ಏರಿ, ವಾರಗಟ್ಟಲೆ ಚಪ್ಪಟೆಯಾಗಿ ಮಲಗಿ, ಆಮೇಲೆ ಮತ್ತೆ ಏರುತ್ತದೆ. ನಿಮ್ಮ ಹಾಗೆಯೇ: ಬಾಯಿ ಮುಂದೆ ಹೋಯಿತು, ಕಿವಿ ಹಿಂದೆ ಉಳಿಯಿತು.

1899ರಲ್ಲಿ ಅವರಿಬ್ಬರೂ ಇದಕ್ಕೊಂದು ಕಾರಣ ಕೊಟ್ಟರು. ಹೊಸಬನು ಒಂದೊಂದೇ ಅಕ್ಷರ ಕೇಳುತ್ತಾನೆ. ಅಕ್ಷರಗಳು ತಾವಾಗಿಯೇ ಕಿವಿಗೆ ಬೀಳುವಷ್ಟು ರೂಢಿಯಾದ ಮೇಲೆ ಪದಗಳನ್ನು ಇಡಿಯಾಗಿ ಕೇಳತೊಡಗುತ್ತಾನೆ, ಆಮೇಲೆ ಪದಗುಚ್ಛಗಳನ್ನು. ಕೆಳಗಿನ ಮೆಟ್ಟಿಲು ಪೂರ್ತಿ ರೂಢಿಯಾಗುವ ತನಕ ಮೇಲಿನದು ಸಿಗುವುದಿಲ್ಲ. ರೂಢಿಯಾಗುವ ಆ ಕಾಲದಲ್ಲಿ ವೇಗದ ಅಂಕಿ ಏರುವುದಿಲ್ಲ, ಆದರೆ ಗಮನಕ್ಕೆ ಬಿಡುವು ಸಿಗುತ್ತಾ ಹೋಗುತ್ತದೆ. ಮೊದಲು ಎರಡೂ ಕೈ ಹಾಕಿ ಎತ್ತುತ್ತಿದ್ದುದನ್ನು ಈಗ ಒಂದೇ ಕೈಯಲ್ಲಿ ಎತ್ತುತ್ತೀರಿ, ಭಾರ ಮಾತ್ರ ಅಷ್ಟೇ.

ನೀವು ಆ ಚಪ್ಪಟೆ ಜಾಗದಲ್ಲಿದ್ದೀರಿ ಎಂದು ನನಗನಿಸುತ್ತದೆ. ದಯವಿಟ್ಟು ಬಿಡಬೇಡಿ.


ಅಳತೆಗೋಲು

ರಾತ್ರಿಪಾಳಿಯವರ ಮಾತು ಚೆನ್ನಾಗಿದೆ, ಆದರೆ ಅರ್ಧ. ಕಥೆಯ ಉಳಿದರ್ಧವನ್ನೂ ಹೇಳದಿದ್ದರೆ ಕೇಳುಗಿಯವರಿಗೆ ಅನ್ಯಾಯವಾಗುತ್ತದೆ.

ಫ್ರೆಡ್ ಕೆಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಸ್ವತಃ ಮೋರ್ಸ್ ಕಲಿಸುವ ವಿಧಾನವೊಂದನ್ನು ರೂಪಿಸಿದವರು. ಅವರು 1958ರಲ್ಲಿ ಈ ಚಪ್ಪಟೆ ಗೆರೆಯನ್ನು ಭ್ರಮೆಯೆಂದೇ ಕರೆದರು. ನಂತರದ ಕಲಿಕೆಯ ದಾಖಲೆಗಳಲ್ಲಿ ಅಂಥ ಚಪ್ಪಟೆ ಜಾಗ ಕಾಣಲಿಲ್ಲ ಎಂಬುದು ಅವರ ವಾದ. ಅಂದರೆ ನಡುವೆ ನಿಂತುಬಿಡುವುದು ಪ್ರಕೃತಿಯ ನಿಯಮವಲ್ಲ. ಕಲಿಸುವ ಬಗೆಯಲ್ಲೋ ಅಳೆಯುವ ಬಗೆಯಲ್ಲೋ ಇರುವ ಕೊರತೆಯೂ ಹಾಗೆ ಕಾಣಬಹುದು.

ಆದ್ದರಿಂದ ‘ಇದು ಬಂದೇ ಬರುವ ಹಂತ, ಸಹಿಸಿಕೊಳ್ಳಿ’ ಎಂಬ ಸಾಂತ್ವನವನ್ನು ನಾನು ಒಪ್ಪುವುದಿಲ್ಲ. ಆ ಮಾತು ನಂಬಿ ವರ್ಷಗಟ್ಟಲೆ ಅದೇ ತಪ್ಪನ್ನು ಶ್ರದ್ಧೆಯಿಂದ ಮಾಡಿದವರನ್ನು ಕಂಡಿದ್ದೇನೆ. ನನ್ನ ಪ್ರಶ್ನೆ ಒಂದೇ: ಈ ಎಂಟು ತಿಂಗಳಲ್ಲಿ ನಿಮ್ಮ ಅಭ್ಯಾಸದಲ್ಲಿ ಬದಲಾದದ್ದೇನು?


ಕೇಳುಗಿ

ಏನೂ ಇಲ್ಲ. ಬರೆಯುವಾಗಲೇ ಮನಸ್ಸಿಗೆ ಚುಚ್ಚುತ್ತಿದೆ. ಅದೇ ವಾರ್ತೆ, ಅದೇ ಆರು ನಿಮಿಷ, ಅದೇ ಪುಸ್ತಕ.

ಎಲ್ಲಿ ತಪ್ಪುತ್ತೇನೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ, ಯಾರಿಗಾದರೂ ಏನಾದರೂ ಹೊಳೆಯಬಹುದು. ಜರ್ಮನ್‌ನಲ್ಲಿ ಕೆಲವು ಕ್ರಿಯಾಪದಗಳು ಎರಡು ತುಂಡಾಗುತ್ತವೆ. ಮುಖ್ಯ ತುಂಡು ವಾಕ್ಯದ ಎರಡನೆಯ ಜಾಗದಲ್ಲಿ ನಿಂತರೆ, ಪುಟ್ಟ ತುಂಡು ವಾಕ್ಯದ ಕಟ್ಟಕಡೆಗೆ ಹೋಗುತ್ತದೆ. ‘ಹ್ಯೋರೆನ್’ ಎಂದರೆ ಕೇಳುವುದು. ಕೊನೆಯಲ್ಲಿ ‘ತ್ಸೂ’ ಬಂದರೆ ಕಿವಿಗೊಟ್ಟು ಆಲಿಸುವುದು. ‘ಔಫ್’ ಬಂದರೆ ನಿಲ್ಲುವುದು, ನಿಲ್ಲಿಸುವುದು.

ಹವಾಮಾನದ ವರದಿಯಲ್ಲಿ ಒಂದು ದಿನ ಈ ವಾಕ್ಯ ಬಂತು: ‘ದೆರ್ ರೇಗೆನ್ ಹ್ಯೋರ್ಟ್ ಆಮ್ ಆಬೆಂಟ್ ಔಫ್.’ ಮಳೆ ಸಂಜೆಗೆ ನಿಲ್ಲುತ್ತದೆ ಎಂದು ಅರ್ಥ. ನನ್ನ ಕಿವಿ ‘ಮಳೆ’ ಹಿಡಿಯಿತು, ‘ಕೇಳುತ್ತದೆ’ ಎಂದು ಹಿಡಿಯಿತು, ಮಳೆ ಏನನ್ನು ಕೇಳುತ್ತದೆ ಎಂದು ತಡವರಿಸುವಷ್ಟರಲ್ಲಿ ‘ಔಫ್’ ಬಂದು ಹೋಗಿ ಮುಂದಿನ ವಾಕ್ಯ ಶುರುವಾಗಿತ್ತು. ನಮ್ಮ ಕನ್ನಡದಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ‘ಇಲ್ಲ’ ಎಂಬುದಂತೂ ಅದಕ್ಕೂ ಆಚೆಗೆ. ಕೊನೆಯ ತನಕ ಕಾಯುವುದು ನಮಗೆ ಹುಟ್ಟಿನಿಂದ ರೂಢಿ. ಆದರೂ ಅಲ್ಲಿ ಕಾಯಲು ಆಗುತ್ತಿಲ್ಲ.


ಎರಡು ಅಂಕಣ

ನಾನು ನಲವತ್ತು ದಾಟಿದ ಮೇಲೆ ಈಜು ಕಲಿತವನು. ಭಾಷೆಯ ವಿಷಯದಲ್ಲಿ ಹೇಳಲು ನನಗೇನೂ ಇಲ್ಲ, ಆದರೆ ನಿಂತುಬಿಡುವ ಸಂಕಟ ಚೆನ್ನಾಗಿ ಗೊತ್ತು.

25 ಮೀಟರಿನ ಕೊಳದಲ್ಲಿ ಎರಡು ಬಾರಿ ಹೋಗಿ ಬಂದರೆ ನನ್ನ ಉಸಿರು ಮುಗಿಯುತ್ತಿತ್ತು. ಹನ್ನೊಂದು ತಿಂಗಳು, ವಾರಕ್ಕೆ ನಾಲ್ಕು ದಿನ ಹೋದೆ. ದಮ್ಮು ಸಾಲದು ಎಂದುಕೊಂಡು ಓಡಲು ಶುರುಮಾಡಿದೆ. ತೋಳಿನಲ್ಲಿ ಶಕ್ತಿಯಿಲ್ಲ ಎಂದುಕೊಂಡು ಭಾರ ಎತ್ತಿದೆ. ದೇಹ ಗಟ್ಟಿಯಾಯಿತು, ಕೊಳದಲ್ಲಿ ಮಾತ್ರ ಅದೇ ಎರಡು.

ಒಂದು ಬೆಳಿಗ್ಗೆ ಪಕ್ಕದ ಅಂಕಣದಲ್ಲಿ ಈಜುತ್ತಿದ್ದ ಹಿರಿಯರೊಬ್ಬರು ನಿಂತು ನನ್ನನ್ನು ಒಂದು ನಿಮಿಷ ನೋಡಿದರು. ‘ನಿಮ್ಮ ಮೂಗಿನಿಂದ ಗುಳ್ಳೆಗಳೇ ಬರುತ್ತಿಲ್ಲವಲ್ಲ’ ಎಂದರು. ಅಷ್ಟೇ. ನಾನು ನೀರಿನೊಳಗೆ ಉಸಿರು ಕಟ್ಟಿ ಹಿಡಿಯುತ್ತಿದ್ದೆ. ತಲೆ ಹೊರಳಿಸಿದ ಆ ಒಂದು ಕ್ಷಣದಲ್ಲೇ ಹಳೆಯ ಗಾಳಿ ಬಿಟ್ಟು ಹೊಸದನ್ನು ಎಳೆಯಬೇಕಾಗುತ್ತಿತ್ತು. ಎರಡಕ್ಕೂ ಹೊತ್ತು ಸಾಲದೆ ಅರ್ಧ ಉಸಿರೇ ಒಳಗೆ ಉಳಿಯುತ್ತಿತ್ತು. ಉಸಿರು ಕಟ್ಟಿದಂತಾಗುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ದೇಹದಲ್ಲಿ ಸೇರುತ್ತಾ ಹೋಗುವುದರಿಂದ ಎಂಬುದು ಆಮೇಲೆ ತಿಳಿಯಿತು. ಗಾಬರಿಗೆ ತಲೆ ಮೇಲೆತ್ತುತ್ತಿದ್ದೆ, ತಲೆ ಎದ್ದರೆ ಕಾಲು ಮುಳುಗುತ್ತದೆ, ಮುಳುಗಿದ ಕಾಲನ್ನು ಎಳೆಯಲು ತೋಳು ಸೋಲುತ್ತದೆ. ಒಂದು ತಪ್ಪು ನಾಲ್ಕು ಕಡೆ ಮುಖ ತೋರಿಸುತ್ತಿತ್ತು. ನಾನು ಹನ್ನೊಂದು ತಿಂಗಳು ಆ ಮುಖಗಳ ಜೊತೆಗೇ ಗುದ್ದಾಡಿದ್ದೆ.

ಇನ್ನೊಂದು ಮಾತನ್ನೂ ಹೇಳಬೇಕು. ನೀರಿನೊಳಗೆ ನಿಧಾನವಾಗಿ ಉಸಿರು ಬಿಡಲು ಕಲಿತ ಮೊದಲ ಮೂರು ವಾರ ನಾನು ಎರಡರಿಂದ ಒಂದಕ್ಕೆ ಇಳಿದೆ. ಹಳೆಯದು ಮುರಿದಿತ್ತು, ಹೊಸದು ಇನ್ನೂ ಕೂಡಿರಲಿಲ್ಲ. ಆ ಮೂರು ವಾರ ಮನೆಗೆ ಹೋಗುವಾಗ ಅಳು ಬರುತ್ತಿತ್ತು. ಏಳನೆಯ ವಾರ ಹತ್ತು ಬಾರಿ ಹೋಗಿ ಬಂದೆ.

ಅಳತೆಗೋಲು ಅವರು ಹೇಳಿದ್ದು ನನ್ನ ಮಟ್ಟಿಗೆ ನಿಜ. ಹನ್ನೊಂದು ತಿಂಗಳ ಹಟ ನನ್ನ ತಪ್ಪನ್ನೇ ಗಟ್ಟಿ ಮಾಡಿತು. ಬಲ್ಲವರೊಬ್ಬರು ನಿಮ್ಮನ್ನು ಒಂದು ನಿಮಿಷ ನೋಡಲಿ, ಅಥವಾ ನಿಮ್ಮ ವಿಷಯದಲ್ಲಿ, ನೀವು ಕೇಳುವುದನ್ನು ಅವರು ಕೇಳಲಿ.


ಹಸಿರು

ಚೀನಾದ ಬಿದಿರಿನ ಕಥೆ ನೆನಪಾಗುತ್ತದೆ. ಬೀಜ ಹಾಕಿ ನೀರೆರೆದರೆ ನಾಲ್ಕು ವರ್ಷ ನೆಲದ ಮೇಲೆ ಏನೂ ಕಾಣುವುದಿಲ್ಲವಂತೆ, ಐದನೆಯ ವರ್ಷ ಆರೇ ವಾರದಲ್ಲಿ ಎಂಬತ್ತು ಅಡಿ. ಕೇಳುಗಿ, ನಿಮ್ಮ ಬೇರು ಇಳಿಯುತ್ತಿದೆ, ನಂಬಿ.


ಮೆಳೆ

ಹಸಿರು ಅವರೇ, ಬೇಸರಿಸಿಕೊಳ್ಳಬೇಡಿ. ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ, ಆದರೆ ಬಿದಿರು ಹಾಗೆ ಬೆಳೆಯುವುದಿಲ್ಲ. ಗಿಡಗಳ ಕೆಲಸದಲ್ಲೇ ಇರುವವಳಾದ್ದರಿಂದ ಇದನ್ನು ತಿದ್ದದೆ ಇರಲಾರೆ. ನಿಜವಾದ ಬಿದಿರಿನ ಕಥೆ ಈ ಕಥೆಗಿಂತ ಚೆನ್ನಾಗಿದೆ.

ಬಿತ್ತಿದ ಬೀಜ ವಾರಗಳಲ್ಲೇ ಮೊಳೆಯುತ್ತದೆ. ಮೊದಲ ವರ್ಷ ಹುಲ್ಲಿನಷ್ಟು ತೆಳ್ಳಗಿನ ದಂಟುಗಳು ಬರುತ್ತವೆ. ಬಿದಿರಿನ ಕೋಲು ಒಮ್ಮೆ ನೆಲದಿಂದ ಎದ್ದ ಮೇಲೆ ಮರದಂತೆ ದಪ್ಪವಾಗುವುದಿಲ್ಲ. ಕಳಲೆ ಯಾವ ದಪ್ಪದಲ್ಲಿ ಏಳುತ್ತದೆಯೋ ಕೋಲಿಗೆ ಕೊನೆಯ ತನಕ ಅದೇ ದಪ್ಪ. ಆದ್ದರಿಂದ ಮೊದಲ ವರ್ಷದ ದಂಟು ಎಷ್ಟು ಕಾದರೂ ದೊಡ್ಡ ಬಿದಿರಾಗುವುದಿಲ್ಲ. ಅದರ ಎಲೆಗಳು ಬಿಸಿಲು ಕುಡಿದು ಮಾಡಿದ ಆಹಾರ ನೆಲದಡಿಯ ಕಾಂಡಕ್ಕೆ ಇಳಿಯುತ್ತದೆ. ಮುಂದಿನ ವರ್ಷದ ಕಳಲೆ ತುಸು ದಪ್ಪವಾಗಿ, ತುಸು ಎತ್ತರಕ್ಕೆ ಏಳುತ್ತದೆ, ಅದರ ಮುಂದಿನದು ಇನ್ನೂ ತುಸು. ಹೀಗೆ ವರ್ಷ ವರ್ಷವೂ ಕೂಡಿಟ್ಟದ್ದರ ಬಲದಿಂದ ಒಂದು ದಿನ ದೊಡ್ಡ ಕಳಲೆ ಕೆಲವೇ ವಾರಗಳಲ್ಲಿ ಪೂರ್ತಿ ಎತ್ತರಕ್ಕೆ ಹೋಗಿಬಿಡುತ್ತದೆ. ಆ ವಾರಗಳನ್ನು ಮಾತ್ರ ನೋಡಿದವರು ಪವಾಡ ಎನ್ನುತ್ತಾರೆ.

ನಾನು ಹೇಳಬೇಕೆಂದದ್ದು ಇದು: ಬದುಕಿರುವ ಮೆಳೆ ಪ್ರತಿ ವರ್ಷವೂ ಏನಾದರೊಂದು ತೋರಿಸುತ್ತದೆ. ನೋಡುವವರು ಎತ್ತರವನ್ನೇ ನೋಡುತ್ತಾರೆ, ದಪ್ಪ ಬದಲಾದದ್ದು ಕಣ್ಣಿಗೆ ಬೀಳುವುದಿಲ್ಲ. ನಾಲ್ಕು ವರ್ಷ ನಿಜಕ್ಕೂ ಏನೂ ಕಾಣದಿದ್ದರೆ ಮಣ್ಣು ಅಗೆದು ನೋಡಿ, ಬೀಜ ಕೊಳೆತಿರುತ್ತದೆ.


ಹಸಿರು

ಮೆಳೆಯವರೇ, ಬೇಸರ ಏಕೆ? ವರ್ಷಗಳಿಂದ ಆ ಕಥೆಯನ್ನು ಎಷ್ಟೋ ಮಂದಿಗೆ ಹೇಳಿದ್ದೆ. ಇನ್ನು ಮೇಲೆ ನೀವು ಹೇಳಿದ್ದನ್ನು ಹೇಳುತ್ತೇನೆ.


ಎರಡನೆಯ ಕರಡು

ತಪ್ಪು ಹುಡುಕಿ, ವಿಧಾನ ಬದಲಿಸಿ ಎಂಬ ಮಾತು ಎಲ್ಲ ಬರಕ್ಕೂ ಸಲ್ಲುವುದಿಲ್ಲ. ನಾನು ಸಂಶೋಧನೆಯಲ್ಲಿರುವವಳು. ಇಲ್ಲಿ ಗುಳ್ಳೆ ಬರುತ್ತಿಲ್ಲ ಎಂದು ಹೇಳಲು ಪಕ್ಕದ ಅಂಕಣದಲ್ಲಿ ಯಾರೂ ಇರುವುದಿಲ್ಲ, ಏಕೆಂದರೆ ಆ ನೀರಿಗೆ ಯಾರೂ ಇಳಿದಿರುವುದಿಲ್ಲ.

ಗಣಿತಜ್ಞ ಆ್ಯಂಡ್ರ್ಯೂ ವೈಲ್ಸ್ ಅವರ ಕಥೆಯ ಹೊರಗೆರೆ ಬಹಳ ಮಂದಿಗೆ ಗೊತ್ತು. ಶತಮಾನಗಳಿಂದ ಯಾರೂ ಸಾಧಿಸಲಾಗದಿದ್ದ ಫರ್ಮಾನ ಕೊನೆಯ ಪ್ರಮೇಯದ ಹಿಂದೆ 1986ರಿಂದ ಏಳು ವರ್ಷ ಹೆಚ್ಚುಕಡಿಮೆ ಗುಟ್ಟಾಗಿ ದುಡಿದು, 1993ರ ಜೂನ್‌ನಲ್ಲಿ ಕೇಂಬ್ರಿಜ್‌ನಲ್ಲಿ ಅದರ ಸಾಧನೆಯನ್ನು (ರುಜುವಾತನ್ನು) ಪ್ರಕಟಿಸಿದರು. ಪರಿಶೀಲನೆಯ ವೇಳೆ ಅದರಲ್ಲೊಂದು ಬಿರುಕು ಕಂಡಿತು. ಮೊದಲ ಏಳು ವರ್ಷಗಳಿಗಿಂತ ಆಮೇಲಿನ ಆ ಒಂದು ವರ್ಷವೇ ನನ್ನನ್ನು ಹೆಚ್ಚು ಕಾಡುತ್ತದೆ. ಲೋಕವೆಲ್ಲ ನೋಡುತ್ತಿರುವಾಗ ತಿಂಗಳುಗಟ್ಟಲೆ ಬಿರುಕು ಮುಚ್ಚಲಿಲ್ಲ. ತಮ್ಮ ಹಳೆಯ ವಿದ್ಯಾರ್ಥಿ ರಿಚರ್ಡ್ ಟೇಲರ್ ಅವರ ನೆರವು ಪಡೆದರೂ ಮುಚ್ಚಲಿಲ್ಲ. 1994ರ ಸೆಪ್ಟೆಂಬರ್ 19ರ ಬೆಳಿಗ್ಗೆ, ತಮ್ಮ ವಿಧಾನ ಏಕೆ ಸೋಲುತ್ತಿದೆ ಎಂಬುದನ್ನಾದರೂ ಖಚಿತವಾಗಿ ತಿಳಿಯೋಣ ಎಂದು ಕುಳಿತರು. ಆಗ ಹೊಳೆಯಿತು: ಈ ವಿಧಾನ ಸೋಲುವ ಕಾರಣವೇ, ವರ್ಷಗಳ ಹಿಂದೆ ಕೈಬಿಟ್ಟಿದ್ದ ಇನ್ನೊಂದು ವಿಧಾನವನ್ನು ಗೆಲ್ಲಿಸುತ್ತದೆ. ಒಂಟಿಯಾಗಿ ಎರಡೂ ಸಾಲುತ್ತಿರಲಿಲ್ಲ. 1995ರಲ್ಲಿ ಸಾಧನೆ ಅಚ್ಚಾಯಿತು.

ಗೆದ್ದವರ ಕಥೆ ಎಲ್ಲರಿಗೂ ಗೆಲುವಿನ ಭರವಸೆ ಕೊಡುವುದಿಲ್ಲ, ಅದು ನನಗೆ ಗೊತ್ತು. ನಾನು ಅದರಿಂದ ತೆಗೆದುಕೊಂಡದ್ದು ಒಂದು ಕೆಲಸದ ರೀತಿಯನ್ನು ಮಾತ್ರ. ನನ್ನ ಎರಡು ವರ್ಷದ ಬರದಲ್ಲಿ ‘ಇಂದು ಏನೂ ಆಗಲಿಲ್ಲ’ ಎಂದು ಬರೆಯುವುದನ್ನು ನಿಲ್ಲಿಸಿದೆ. ಅದರ ಬದಲು ‘ಈ ದಾರಿ ಇಲ್ಲಿ, ಈ ಕಾರಣಕ್ಕೆ ಮುಚ್ಚಿದೆ’ ಎಂದು ಒಂದು ಪುಟವಾದರೂ ಬರೆಯತೊಡಗಿದೆ. ಬರೆಯಲು ಹೋದಾಗ ಎಷ್ಟೋ ದಾರಿಗಳು ಮುಚ್ಚಿರಲೇ ಇಲ್ಲ, ದಣಿವಿಗೆ ನಾನೇ ಅಲ್ಲಿಂದ ತಿರುಗಿ ಬಂದಿದ್ದೆ ಎಂದು ತಿಳಿಯಿತು. ನನ್ನ ಪ್ರಶ್ನೆ ಇನ್ನೂ ಬಿಡಿಸಿಕೊಂಡಿಲ್ಲ. ಆದರೆ ಆ ಪುಟಗಳು ಈಗ ನೂರಾ ಎಂಬತ್ತು ಆಗಿವೆ. ನನ್ನ ಪ್ರಶ್ನೆಯ ಸುತ್ತಲಿನ ನೆಲವನ್ನು ಈಗ ಕತ್ತಲಲ್ಲೂ ನಡೆಯಬಲ್ಲೆ.


ಬೆಳಗಿನ ಓಟ

ಚಿಕ್ಕ ಮಾತು. ಎಲ್ಲರೂ ಮನಸ್ಸು, ವಿಧಾನ ಎನ್ನುತ್ತಿದ್ದೀರಿ, ದೇಹವನ್ನೂ ಒಮ್ಮೆ ಕೇಳಿ. ಒಂದು ವರ್ಷ ನನ್ನ ಓಟ ನಿಧಾನವಾಗುತ್ತಾ ಹೋಯಿತು. ಇನ್ನಷ್ಟು ಓಡಿದೆ, ಇನ್ನಷ್ಟು ನಿಧಾನವಾಯಿತು. ಕೊನೆಗೆ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಸರಿಯಿತ್ತು, ಫೆರಿಟಿನ್ ತಳ ಕಂಡಿತ್ತು. ಕಬ್ಬಿಣದ ಉಗ್ರಾಣ ಖಾಲಿ ಎಂದರು ವೈದ್ಯರು. ನನಗೆ ಬೇಕಿದ್ದದ್ದು ಹಟವಲ್ಲ, ಔಷಧ ಮತ್ತು ವಿಶ್ರಾಂತಿ. ಹಾಗೆಯೇ, ಕಲಿಯುವುದರಲ್ಲಿ ಮಾತ್ರವಲ್ಲದೆ ಯಾವುದರಲ್ಲೂ ರುಚಿ ಇಲ್ಲದಂತಾಗಿ ವಾರಗಳೇ ಕಳೆದಿದ್ದರೆ ಅದನ್ನು ಬರಗಾಲ ಎಂದು ತಳ್ಳಿಹಾಕಬೇಡಿ, ವೈದ್ಯರಿಗೆ ಹೇಳಿ.


ಕಪ್ಪುಹಲಗೆ

ಭಾಷೆ ಕಲಿಸುವವಳಾಗಿ ಒಂದು ಲೆಕ್ಕ ಕೊಡುತ್ತೇನೆ. ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬಳಕೆಯ 2000 ಪದಗಳನ್ನು ಅವುಗಳ ರೂಪಭೇದಗಳ ಸಮೇತ ಕಲಿತರೆ, ಸಾಮಾನ್ಯ ಬರಹದ ಸುಮಾರು 80 ಶೇಕಡಾ ಪದಗಳು ಕೈಗೆ ಬರುತ್ತವೆ. ಅದರ ಮೇಲೆ ಇನ್ನೊಂದು ಸಾವಿರ ಕಲಿತರೆ ಕೂಡುವುದು ಸುಮಾರು 4 ಶೇಕಡಾ ಮಾತ್ರ. ಬೇರೆ ಭಾಷೆಗಳಲ್ಲೂ ಗೆರೆ ಹೀಗೆಯೇ ಬಾಗುತ್ತದೆ. ಮೊದಲ ವರ್ಷದ ಶ್ರಮಕ್ಕೆ ಸಿಕ್ಕ ಬೆಲೆ ಮೂರನೆಯ ವರ್ಷದ ಅಷ್ಟೇ ಶ್ರಮಕ್ಕೆ ಸಿಗುವುದಿಲ್ಲ. ಕಲಿಯುವವರ ಕಾಲು ನಿಂತಿರುವುದಿಲ್ಲ, ಹೆಜ್ಜೆಗಳು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿರುತ್ತವೆ.

ಕೇಳುಗಿಯವರ ‘ಔಫ್’ ವಿಷಯಕ್ಕೆ: ಆರು ನಿಮಿಷ ಬಿಡಿ, ಒಂದೇ ನಿಮಿಷ ತೆಗೆದುಕೊಳ್ಳಿ. ಕೇಳಿ ಬರೆಯಿರಿ, ಅಚ್ಚಿನ ಜೊತೆ ಹೋಲಿಸಿ, ಕಿವಿ ಎಲ್ಲಿ ತಪ್ಪಿತು ಎಂದು ಕೆಂಪು ಗುರುತು ಹಾಕಿ, ಮತ್ತೆ ಕೇಳಿ. ಆಮೇಲೆ ವಾಕ್ಯದ ನಡುವೆ ಧ್ವನಿ ನಿಲ್ಲಿಸಿ, ಕೊನೆಯಲ್ಲಿ ಏನು ಬರಬಹುದು ಎಂದು ಬಾಯಿಬಿಟ್ಟು ಹೇಳಿ. ನಿಮ್ಮ ಕಿವಿಗೆ ಕೇಳುವುದು ಬರುತ್ತದೆ, ನಿರೀಕ್ಷಿಸುವುದನ್ನು ಅದಕ್ಕೆ ಯಾರೂ ಕಲಿಸಿಲ್ಲ. ಕನ್ನಡದಲ್ಲಿ ನೀವು ಕೊನೆಗಾಗಿ ಸುಮ್ಮನೆ ಕಾಯುತ್ತೀರಿ ಎಂದುಕೊಂಡಿದ್ದೀರಿ. ಕಾಯುವುದಿಲ್ಲ, ಬರುವುದಕ್ಕೆ ಮೊದಲೇ ಊಹಿಸಿರುತ್ತೀರಿ.


ಬಿಟ್ಟವನು

ಬಿಟ್ಟವರ ಧ್ವನಿಯೂ ಇಲ್ಲಿರಲಿ ಎಂದು ಬರೆಯುತ್ತಿದ್ದೇನೆ. ಒಂಬತ್ತು ವರ್ಷ ಚದುರಂಗ ಸ್ಪರ್ಧೆಗಳಲ್ಲಿ ಆಡಿದೆ. ಕೊನೆಯ ನಾಲ್ಕು ವರ್ಷ ಅಂಕ ಕದಲಲಿಲ್ಲ. ಹೊಸ ಆರಂಭಗಳು, ಹೊಸ ಗುರು, ಅಂತ್ಯದಾಟದ ಅಭ್ಯಾಸ, ಎಲ್ಲ ಆಯಿತು. ಬಿಡಲು ಕಾರಣ ಅಂಕವಲ್ಲ. ಒಂದು ದಿನ ಗಮನಿಸಿದೆ: ಆಟ ಗೆದ್ದ ದಿನವೂ ಆ ಆಟವನ್ನು ಮತ್ತೆ ಹಲಗೆಯ ಮೇಲೆ ಹರಡಿ ನೋಡುವ ಆಸೆ ನನಗಿರಲಿಲ್ಲ. ಅಂಕ ಬೇಕಿತ್ತು, ಆಟ ಬೇಕಿರಲಿಲ್ಲ. ಬಿಟ್ಟು ಆರು ವರ್ಷವಾಯಿತು. ಆ ಸಂಜೆಗಳನ್ನು ಮರಗೆಲಸಕ್ಕೆ ಕೊಟ್ಟೆ. ಪಶ್ಚಾತ್ತಾಪವಿಲ್ಲ.

ಕೇಳುಗಿ, ನಿಮಗೊಂದು ಪ್ರಶ್ನೆ. ನೋಟ್‌ಪುಸ್ತಕವೇ ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಆ ರೇಡಿಯೊ ಹಾಕುತ್ತೀರಾ?


ಕೇಳುಗಿ

ಹಾಕುತ್ತೇನೆ. ಯೋಚಿಸಬೇಕಾಗಿಯೇ ಬರಲಿಲ್ಲ. ವಾರ್ತೆ ಓದುವ ಆ ಹೆಂಗಸಿನ ಧ್ವನಿ ಕೇಳದಿದ್ದರೆ ನನಗೆ ಬೆಳಗಾದಂತೆಯೇ ಅನಿಸುವುದಿಲ್ಲ.


ಅಳತೆಗೋಲು

ಹಾಗಾದರೆ ಬಿಡುವ ಪ್ರಶ್ನೆ ಮುಗಿಯಿತು. ಈಗ ನಿಮ್ಮ 4ರ ಬಗ್ಗೆ ಮಾತನಾಡೋಣ. ನನಗೆ ಆ ಅಂಕಿಯ ಮೇಲೆಯೇ ಸಂಶಯ.

ಅಭ್ಯಾಸದ ಹೊತ್ತಿನಲ್ಲಿ ಕಾಣುವುದೂ ಒಳಗೆ ಕಲಿತದ್ದೂ ಬೇರೆ ಬೇರೆ. ಮನಶ್ಶಾಸ್ತ್ರಜ್ಞರಾದ ಟೋಲ್ಮನ್ ಮತ್ತು ಹಾಂಜಿಕ್ 1930ರಲ್ಲಿ ಇಲಿಗಳನ್ನು ಸುತ್ತುಹಾದಿಯಲ್ಲಿ ಬಿಟ್ಟು ನೋಡಿದರು. ಒಂದು ಗುಂಪಿಗೆ ಹತ್ತು ದಿನ ಆಹಾರವನ್ನೇ ಇಡಲಿಲ್ಲ. ಅವು ಸುಮ್ಮನೆ ಅಲೆದವು, ತಪ್ಪುಗಳು ಹೆಚ್ಚೇನೂ ಇಳಿಯಲಿಲ್ಲ. ಹನ್ನೊಂದನೆಯ ದಿನ ಹಾದಿಯ ಕೊನೆಯಲ್ಲಿ ಆಹಾರ ಇಟ್ಟರು. ಮರುದಿನವೇ, ಮೊದಲಿನಿಂದ ಆಹಾರ ಪಡೆದ ಇಲಿಗಳ ಮಟ್ಟಕ್ಕೆ ಅವೂ ಬಂದವು. ಹಾದಿ ಗೊತ್ತಿತ್ತು, ತೋರಿಸುವ ಸಂದರ್ಭ ಬಂದಿರಲಿಲ್ಲ. 1979ರಲ್ಲಿ ಶಿಯಾ ಮತ್ತು ಮಾರ್ಗನ್ ಮನುಷ್ಯರ ಕೈಚಲನೆಗಳ ಮೇಲೆ ಪ್ರಯೋಗ ಮಾಡಿದರು. ಮೂರು ಬಗೆಯ ಚಲನೆಗಳನ್ನು ಒಂದೊಂದಾಗಿ ಮುಗಿಸಿ ಕಲಿತವರು ಅಭ್ಯಾಸದ ವೇಳೆ ಚುರುಕಾಗಿದ್ದರು, ಕಲಸಿ ಕಲಿತವರು ತಡವರಿಸುತ್ತಿದ್ದರು. ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಕಲಸಿ ಕಲಿತವರೇ ಮುಂದಿದ್ದರು.

ನಿಮ್ಮ ವಾರ್ತೆ ದಿನವೂ ಹೊಸದು. ಒಂದು ದಿನ ಸುಲಭ, ಒಂದು ದಿನ ಕಷ್ಟ. ಎಂಟು ತಿಂಗಳ ಹಿಂದೆ ಕೇಳಿದ ವಾರ್ತೆಯ ಧ್ವನಿ ಇಟ್ಟುಕೊಂಡಿದ್ದೀರಾ? ಇದ್ದರೆ ಈಗ ಕೇಳಿ ನೋಡಿ.


ಕೇಳುಗಿ (ನಾಲ್ಕು ದಿನಗಳ ನಂತರ)

ಮೊದಲ ವಾರದ ಏಳೂ ವಾರ್ತೆಗಳು ಮೊಬೈಲ್‌ನಲ್ಲಿದ್ದವು. ಎರಡನ್ನು ಮಾತ್ರ ಆಗ ಕೇಳಿ ಅಂಕ ಹಾಕಿದ್ದೆ, ಜ್ವರದಿಂದಾಗಿ ಉಳಿದ ಐದು ಹಾಗೆಯೇ ಉಳಿದಿದ್ದವು. ನೆನಪಿನಿಂದ ಅಂಕ ಏರಬಾರದು ಎಂದು ಕೇಳದೆ ಉಳಿದಿದ್ದವನ್ನೇ ತೆಗೆದುಕೊಂಡೆ. ಹತ್ತರಲ್ಲಿ 7. ಇನ್ನೊಂದರಲ್ಲಿ 6. ಮೂರನೆಯದರಲ್ಲಿ 7.

ಕೈ ನಡುಗುತ್ತಿತ್ತು. ಅಷ್ಟರಲ್ಲೇ ಸಂಶಯವೂ ಬಂತು. ಹಾಗಿದ್ದರೆ ಕಳೆದ ವಾರದ ವಾರ್ತೆಗೆ 4 ಏಕೆ? ಆಗಿನ ವಾರ್ತೆಗಳೇ ಸುಲಭವಾಗಿದ್ದವೇ? ಹಳೆಯ ಪುಟಗಳನ್ನು ತಿರುವಿದೆ. ಮೊದಲ ತಿಂಗಳಿನಲ್ಲಿ ‘ಅರ್ಥವಾಯಿತು’ ಎಂದು ಗುರುತು ಹಾಕಿದ ವಾಕ್ಯಗಳ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದ ಸಾರಾಂಶಗಳಿವೆ. ‘ರೈಲಿನ ಬಗ್ಗೆ ಏನೋ.’ ‘ಮಂತ್ರಿ, ಹಣ.’ ಇವಕ್ಕೆ ಅಂಕ ಕೊಟ್ಟುಕೊಂಡಿದ್ದೆ! ನಾಲ್ಕನೆಯ ತಿಂಗಳಿನಲ್ಲಿ ವಾಕ್ಯಗಳು ಉದ್ದವಾಗಿವೆ. ಈಗಿನ ಪುಟಗಳಲ್ಲಿ ಯಾರು, ಯಾವಾಗ, ಏಕೆ ಎಲ್ಲವೂ ಇವೆ, ಆದರೂ ಕೊನೆಯ ಕ್ರಿಯಾಪದ ತಪ್ಪಿದರೆ ಅಡ್ಡಗೆರೆ ಎಳೆದಿದ್ದೇನೆ. ಹೀಗೆ ಬಿಗಿ ಮಾಡುತ್ತಾ ಬಂದದ್ದು ನನಗೇ ತಿಳಿದಿರಲಿಲ್ಲ. ನಾನು ಬೆಳೆದ ಹಾಗೆಲ್ಲ ನನ್ನ ಅಳತೆಯೂ ಬೆಳೆದಿತ್ತು.

ಮೊದಲ ತಿಂಗಳ ಲೆಕ್ಕದಲ್ಲಿ ಕಳೆದ ವಾರದ ವಾರ್ತೆಗೆ ಮತ್ತೆ ಅಂಕ ಹಾಕಿದೆ. 8 ಬಂತು.


ಮೆಳೆ

ದಪ್ಪ.


ರಾತ್ರಿಪಾಳಿ

ಓದಿ ಕಣ್ಣು ತೇವವಾಯಿತು. ಅಳತೆಗೋಲು ಅವರೇ, ಅಂದು ನೀವು ತಡೆಯದಿದ್ದರೆ ನಾನು ಇವರಿಗೆ ‘ಸಹಿಸಿಕೊಳ್ಳಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ.


ಅಳತೆಗೋಲು

ನೀವು ಹೇಳಿದ ಮೆಟ್ಟಿಲುಗಳ ವಿವರಣೆ ಇಲ್ಲಿ ಸರಿಯಾಗಿಯೇ ಹೊಂದುತ್ತದೆ. ಬಿಡಿ ಪದಗಳಿಂದ ಇಡೀ ವಾಕ್ಯಕ್ಕೆ ಬಂದಿದ್ದಾರೆ. ಗೆರೆ ಚಪ್ಪಟೆಯಾಗಿರಲಿಲ್ಲ ಎಂಬುದಷ್ಟೇ ನನ್ನ ತಿದ್ದುಪಡಿ. ಕೇಳುಗಿಯವರೇ, ಆ ಏಳರಲ್ಲಿ ಕೇಳದೆ ಉಳಿದಿರುವ ಎರಡನ್ನು ಮುಟ್ಟಬೇಡಿ. ಮುಂದಿನ ವರ್ಷಕ್ಕೆ ಬೇಕಾಗುತ್ತವೆ.


ಎರಡು ಅಂಕಣ

ಅಳತೆ ತಪ್ಪಿತ್ತು ಎಂದು ತಿಳಿದ ಸಂತೋಷದಲ್ಲಿ ಅಭ್ಯಾಸ ಬದಲಿಸುವುದನ್ನು ಮರೆಯಬೇಡಿ. ಕಪ್ಪುಹಲಗೆಯವರ ಒಂದು ನಿಮಿಷದ ಪಾಠ ಮಾಡಿಯೇ ನೋಡಿ. ಮೊದಲು ಕೆಲವು ವಾರ ಇಳಿಯಬಹುದು, ಗಾಬರಿಯಾಗಬೇಡಿ.


ಕೇಳುಗಿ (ಮೂರು ತಿಂಗಳ ನಂತರ)

ವಿಚಾರಿಸಿ ಬರೆದ ಎಲ್ಲರಿಗೂ ಒಟ್ಟಿಗೆ ಉತ್ತರ. ನೀವು ಎಚ್ಚರಿಸಿದ ಹಾಗೆಯೇ ಮೊದಲ ತಿಂಗಳು ಇಳಿದೆ. ಒಂದು ನಿಮಿಷದ ಧ್ವನಿಯನ್ನು ಬರೆದು ಮುಗಿಸಲು ನಲವತ್ತು ನಿಮಿಷ ಹಿಡಿಯುತ್ತಿತ್ತು. ಕೆಂಪು ಗುರುತುಗಳನ್ನು ನೋಡಿ ದಿಗಿಲಾಯಿತು, ಅರ್ಧಕ್ಕರ್ಧ ಒಂದೇ ಜಾಗದಲ್ಲಿದ್ದವು: ವಾಕ್ಯದ ಕೊನೆಯ ಎರಡು ಪದ. ಅಲ್ಲಿಗೆ ಬರುವಷ್ಟರಲ್ಲಿ ನಾನು ವಾಕ್ಯದ ಆರಂಭವನ್ನು ಕನ್ನಡಕ್ಕೆ ತಿರುಗಿಸುತ್ತಾ ಕುಳಿತಿರುತ್ತಿದ್ದೆ. ಎಂಟು ತಿಂಗಳು ನಾನು ಕಟ್ಟಿ ಹಿಡಿದಿದ್ದ ಉಸಿರು ಅದೇ.

ಇಬ್ಬರು ಒಬ್ಬರ ಮೇಲೊಬ್ಬರು ಮಾತನಾಡುವ ಕಾರ್ಯಕ್ರಮಗಳು ಇನ್ನೂ ನನಗೆ ಗೋಡೆಯೇ. ಅಲ್ಲಿ ಎರಡು ಪದ ಹಿಡಿದರೆ ಹತ್ತು ಬಿಡುತ್ತೇನೆ. ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಈಗ ‘ಅರ್ಥವಾಯಿತು’ ಎಂದರೆ ಏನು ಎಂದು ಬರೆದು ಅಂಟಿಸಿದ್ದೇನೆ, ಅದನ್ನು ಬದಲಿಸಿದರೆ ದಿನಾಂಕ ಹಾಕುತ್ತೇನೆ.

ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ, ರೇಡಿಯೊ ಪಕ್ಕದ ಕೋಣೆಯಲ್ಲಿತ್ತು. ಹವಾಮಾನ ಬಂತು. ‘ದೆರ್ ಶ್ನೇ ಹ್ಯೋರ್ಟ್’ ಎಂದಳು, ಹಿಮ. ನನ್ನ ಬಾಯಿ ನೊರೆಯ ನಡುವೆಯೇ ‘ಔಫ್’ ಎಂದಿತು. ಅವಳು ಇನ್ನೂ ‘ಮಧ್ಯಾಹ್ನದ ಹೊತ್ತಿಗೆ’ ಎಂಬಲ್ಲಿದ್ದಳು.